ಎಡ್ ವುಡ್‌ವರ್ಡ್ ಮತ್ತು ಆಟಗಾರರ ಖರೀದಿ: ಚೌಕಾಸಿ ಬಲ್ಲವರಾದರೆ ಸಾಕೆ?

ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಇಳಿಗಾಲಕ್ಕೆ ಕಾರಣರು ಯಾರು ಎಂದು ಅದರ ಅಭಿಮಾನಿಗಳನ್ನು ಕೇಳಿದರೆ, ಮಾಲೀಕರಾದ ಗ್ಲೇಜರ್ ಕುಟುಂಬದ ಹೆಸರಿನ ಬೆನ್ನಿಗೇ ಬರುವ ಇನ್ನೊಂದು ಹೆಸರು ಎಡ್ ವುಡ್‌ವರ್ಡ್ ಅವರದು. 2013ರ ಬೇಸಿಗೆಯಿಂದ 2022ರ ಆರಂಭದವರೆಗೆ ಅವರು ಹೆಸರಿಗೆ ಕಾರ್ಯನಿರ್ವಾಹಕ ಉಪಾಧ್ಯಕ್ಷರು, ವಾಸ್ತವದಲ್ಲಿ ಇಡೀ ಆಡಳಿತದ ಯಜಮಾನರು. ಆ ಅವಧಿಯ ದೊಡ್ಡ ಆಟಗಾರರ ಖರೀದಿಗಳೆಲ್ಲ ಅವರ ಉಸ್ತುವಾರಿಯಲ್ಲೇ ಕುದುರಿದವು ಅಥವಾ ಮುರಿದುಬಿದ್ದವು. ಅವರ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ತೀರ್ಪು ಬಹಳ ಚಿಕ್ಕದು: ಬ್ಯಾಂಕಿನಿಂದ ಬಂದವರಿಗೆ ಫುಟ್‌ಬಾಲ್ ಏನು ಗೊತ್ತು? ಈ ತೀರ್ಪು ಪೂರ್ತಿ ಸುಳ್ಳಲ್ಲವಾದರೂ ಅದು ದೋಷವನ್ನು ಹುಡುಕುತ್ತಿರುವ ಜಾಗ ಸರಿಯಾದದ್ದಲ್ಲ ಎಂಬುದು ನನ್ನ ಅನಿಸಿಕೆ. ವುಡ್‌ವರ್ಡ್ ಅವರಿಗೆ ಚೌಕಾಸಿ ಬರುತ್ತಿರಲಿಲ್ಲ ಎನ್ನಲಾಗದು. ಅವರಿಗೆ ಬರುತ್ತಿದ್ದುದು ಮಾರುವವರ ಚೌಕಾಸಿ, ಅವರನ್ನು ಕೂರಿಸಿದ್ದು ಕೊಳ್ಳುವವರ ಕುರ್ಚಿಯಲ್ಲಿ.

ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಚಾರ್ಟರ್ಡ್ ಅಕೌಂಟೆಂಟ್ ಆಗಿ, ಅನಂತರ ಜೆ.ಪಿ. ಮಾರ್ಗನ್ ಬ್ಯಾಂಕ್ ಸೇರಿದ್ದ ಅವರು, 2005ರಲ್ಲಿ ಗ್ಲೇಜರ್ ಕುಟುಂಬವು ಸುಮಾರು 79 ಕೋಟಿ ಪೌಂಡ್ ಮೌಲ್ಯಕ್ಕೆ ಕ್ಲಬ್ಬನ್ನು ವಶಪಡಿಸಿಕೊಂಡಾಗ ಆ ಕುಟುಂಬದ ಸಲಹೆಗಾರರ ತಂಡದಲ್ಲಿದ್ದರು. ಆ ಖರೀದಿಗಾಗಿ ಮಾಡಿದ ಸಾಲದ ದೊಡ್ಡ ಪಾಲು ಕ್ಲಬ್ಬಿನ ತಲೆಯ ಮೇಲೆಯೇ ಬಿದ್ದದ್ದರಿಂದ, ಬಡ್ಡಿ ಕಟ್ಟಲು ಆದಾಯ ಬೇಕಾಯಿತು. ಆ ಆದಾಯ ತರುವ ಕೆಲಸ 2007ರ ಹೊತ್ತಿಗೆ ವುಡ್‌ವರ್ಡ್ ಅವರ ಪಾಲಿಗೆ ಬಂತು. ಅದನ್ನು ಅವರು ಅತ್ಯುತ್ತಮವಾಗಿ ಮಾಡಿದರು ಎಂದು ಒಪ್ಪಲೇಬೇಕು. ದೇಶಕ್ಕೊಂದು ಟೆಲಿಕಾಂ ಕಂಪನಿ, ಒಂದು ನೂಡಲ್ಸ್ ಕಂಪನಿ, ಒಂದು ಟಯರ್ ಕಂಪನಿ ಎಂದು ಪ್ರಾಯೋಜಕರ ಪಟ್ಟಿ ಬೆಳೆಯುತ್ತ ಹೋಯಿತು. ನಮ್ಮ ಏರ್‌ಟೆಲ್ ಮತ್ತು ಅಪೊಲೊ ಟಯರ್ಸ್ ಕೂಡ ಆ ಪಟ್ಟಿಯಲ್ಲಿದ್ದವು. ಆಟಗಾರರು ಅಭ್ಯಾಸಕ್ಕೆ ತೊಡುವ ಅಂಗಿಯ ಮೇಲಿನ ಹೆಸರನ್ನು 2011ರಲ್ಲಿ ಡಿಎಚ್‌ಎಲ್ ಕಂಪನಿಗೆ ಸುಮಾರು 4 ಕೋಟಿ ಪೌಂಡ್‌ಗೆ ಮಾರಿದಾಗ, ಅಭ್ಯಾಸದ ಅಂಗಿಯನ್ನೂ ಹೀಗೆ ಮಾರಬಹುದು ಎಂದು ಉಳಿದ ಕ್ಲಬ್ಬುಗಳು ಕಣ್ಣರಳಿಸಿ ನೋಡಿದವು. 2014ರಲ್ಲಿ ಅಡಿಡಾಸ್ ಜೊತೆ ಹತ್ತು ವರ್ಷಗಳಿಗೆ 75 ಕೋಟಿ ಪೌಂಡ್‌ಗಳ ಒಪ್ಪಂದವಾದಾಗ, ತಂಡವು ಹಿಂದಿನ ಋತುವಿನ ಲೀಗ್‌ನಲ್ಲಿ ಏಳನೇ ಸ್ಥಾನಕ್ಕೆ ಜಾರಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಮಾರಾಟಗಾರರಾಗಿ ಅವರ ಶಕ್ತಿ ಎಷ್ಟಿತ್ತು ಎಂಬುದು ತಿಳಿಯುತ್ತದೆ.

ಮಾರಾಟಗಾರರಿಗೆ ಒಂದು ದೊಡ್ಡ ಅನುಕೂಲವಿರುತ್ತದೆ. ಜಗತ್ತಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇರುವುದು ಒಂದೇ. ಅದರ ಅಂಗಿಯ ಮೇಲೆ ಹೆಸರು ಹಾಕಿಸಿಕೊಳ್ಳಬೇಕೆನ್ನುವ ಕಂಪನಿಗಳು ಹತ್ತಾರು. ಒಬ್ಬರು ಬೇಡವೆಂದರೆ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. ಆಟಗಾರರ ಖರೀದಿಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ: ಕೊಳ್ಳಬೇಕೆಂದಿರುವ ಆಟಗಾರ ಒಬ್ಬನೇ, ಅವನು ಇರುವುದು ಒಂದೇ ಕ್ಲಬ್ಬಿನಲ್ಲಿ, ವಿಂಡೊ ಎಂದು ಕರೆಯುವ ಕಾಲಾವಕಾಶ ಬೇಸಿಗೆಯಲ್ಲಿ ಸಾಮಾನ್ಯವಾಗಿ ಆಗಸ್ಟ್ ಕೊನೆಯವರೆಗೆ ಮಾತ್ರ, ಮತ್ತು ಎದುರಿಗೆ ಕುಳಿತವರಿಗೆ ನಿಮ್ಮ ಕಿಸೆಯಲ್ಲಿ ಎಷ್ಟಿದೆ ಎಂಬುದು ಚೆನ್ನಾಗಿ ಗೊತ್ತು. ಅಡಿಡಾಸ್ ಒಪ್ಪಂದದ ಮೊತ್ತ ಪತ್ರಿಕೆಗಳಲ್ಲಿ ಅಚ್ಚಾದ ದಿನದಿಂದಲೇ ಯುರೋಪಿನ ಪ್ರತಿಯೊಬ್ಬ ಕ್ಲಬ್ ಅಧ್ಯಕ್ಷರೂ ಯುನೈಟೆಡ್‌ಗೆ ಹೇಳುವ ದರಕ್ಕೆ ಒಂದಿಷ್ಟು ಸೇರಿಸಿಕೊಂಡಿರುತ್ತಾರೆ. ಕ್ಲಬ್ಬಿನ ಶ್ರೀಮಂತಿಕೆಯನ್ನು ಲೋಕಕ್ಕೆ ಸಾರುವುದು ಪ್ರಾಯೋಜಕರನ್ನು ಸೆಳೆಯಲು ಒಳ್ಳೆಯ ಉಪಾಯ. ಕೊಳ್ಳಲು ಹೊರಟವರ ಪಾಲಿಗೆ ಅದೇ ಮುಳುವು. ವುಡ್‌ವರ್ಡ್ ಎರಡೂ ಕೆಲಸಗಳನ್ನು ಒಂದೇ ದನಿಯಲ್ಲಿ ಮಾಡುತ್ತಿದ್ದರು. ಬೇರೆ ಕ್ಲಬ್ಬುಗಳು ಕನಸಿನಲ್ಲಷ್ಟೇ ಕಾಣಬಹುದಾದ ಖರೀದಿಗಳನ್ನು ನಾವು ಮಾಡಬಲ್ಲೆವು ಎಂಬರ್ಥದ ಅವರ ಮಾತು ಬಹಳ ಕಾಲ ಅವರನ್ನು ಹಿಂಬಾಲಿಸಿತು.

ಐಪಿಎಲ್ ಹರಾಜನ್ನು ನೋಡಿ ರೂಢಿಯಾದ ನಮಗೆ ಈ ವ್ಯವಹಾರದ ಜಟಿಲತೆ ತಕ್ಷಣ ಹೊಳೆಯುವುದಿಲ್ಲ. ಅಲ್ಲಿ ಎಲ್ಲರೂ ಒಂದೇ ಸಭಾಂಗಣದಲ್ಲಿ ಕುಳಿತಿರುತ್ತಾರೆ, ಪ್ರತಿ ತಂಡದ ಕೈಯಲ್ಲಿ ಉಳಿದ ಹಣ ಎಷ್ಟೆಂಬುದು ಎಲ್ಲರಿಗೂ ಕಾಣುತ್ತದೆ, ಸುತ್ತಿಗೆ ಬಿದ್ದ ಮೇಲೆ ಆಟಗಾರ ಆ ತಂಡದವನಾಗುತ್ತಾನೆ. ಫುಟ್‌ಬಾಲ್‌ನಲ್ಲಿ ಮಾರುವ ಕ್ಲಬ್ಬನ್ನು ಒಪ್ಪಿಸುವುದು ಅರ್ಧ ಕೆಲಸ. ಆಟಗಾರನ ಸಂಬಳ, ಏಜೆಂಟರ ಪಾಲು, ಹಣ ಎಷ್ಟು ಕಂತುಗಳಲ್ಲಿ ಬರಬೇಕು, ಇಷ್ಟು ಪಂದ್ಯ ಆಡಿದರೆ ಇನ್ನಿಷ್ಟು ಕೊಡಬೇಕೆಂಬ ಷರತ್ತುಗಳು, ಮುಂದೆ ಮಾರಿದಾಗ ಹಳೆಯ ಕ್ಲಬ್ಬಿಗೆ ಸಲ್ಲಬೇಕಾದ ಪಾಲು, ಇವೆಲ್ಲ ಬೇರೆ ಬೇರೆ ಕೋಣೆಗಳಲ್ಲಿ ಬೇರೆ ಬೇರೆ ಜನರೊಂದಿಗೆ ಇತ್ಯರ್ಥವಾಗಬೇಕು. ಹಣಕಾಸಿನ ತರಬೇತಿ ಇದ್ದವರಿಗೆ ಈ ಭಾಗ ಕಷ್ಟವೇನಲ್ಲ. ವುಡ್‌ವರ್ಡ್ ಅವರ ಒಪ್ಪಂದ ಪತ್ರಗಳಲ್ಲಿ ಕಾನೂನಿನ ತಪ್ಪುಗಳಿದ್ದವು ಎಂದು ಯಾರೂ ದೂರಿದ್ದಿಲ್ಲ.

ಅವರ ಮೊದಲ ಬೇಸಿಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ಎಂಟು ವರ್ಷಗಳಲ್ಲಿ ನಡೆದದ್ದರ ಬೀಜಗಳೆಲ್ಲ ಅದರಲ್ಲಿವೆ. 2013ರಲ್ಲಿ ಸರ್ ಅಲೆಕ್ಸ್ ಫರ್ಗ್ಯೂಸನ್ ನಿವೃತ್ತರಾದರು, ಅದೇ ಹೊತ್ತಿಗೆ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಹುದ್ದೆ ಬಿಟ್ಟರು. ತರಬೇತುದಾರರ ಸ್ಥಾನಕ್ಕೆ ಎವರ್ಟನ್‌ನಿಂದ ಡೇವಿಡ್ ಮೋಯ್ಸ್ ಬಂದರು. ಜುಲೈನಲ್ಲಿ ತಂಡವು ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದಾಗ ವುಡ್‌ವರ್ಡ್ ತುರ್ತು ಖರೀದಿ ವ್ಯವಹಾರಕ್ಕೆಂದು ಸಿಡ್ನಿಯಿಂದ ಹಿಂದಿರುಗಿದರು, ಮತ್ತು ಆ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು. ಯಾರಿಗಾಗಿ ಈ ಧಾವಂತ ಎಂದು ಜಗತ್ತೆಲ್ಲ ಕೇಳತೊಡಗಿತು. ಅವರು ಬೆನ್ನುಬಿದ್ದಿದ್ದ ಥಿಯಾಗೊ ಅಲ್ಕಾಂಟರಾ ಬಾರ್ಸಿಲೋನಾದಿಂದ ಬೇಯರ್ನ್ ಮ್ಯೂನಿಕ್‌ಗೆ ಹೋದರು. ಸೆಸ್ಕ್ ಫ್ಯಾಬ್ರೆಗಾಸ್‌ಗಾಗಿ ಸಲ್ಲಿಸಿದ ಎರಡು ಪ್ರಸ್ತಾವಗಳನ್ನು ಬಾರ್ಸಿಲೋನಾ ತಿರಸ್ಕರಿಸಿತು. ಫ್ಯಾಬ್ರೆಗಾಸ್ ಹೊರಡಲು ನಿಜಕ್ಕೂ ಸಿದ್ಧರಿದ್ದಾರೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳದೆ ಬಹಿರಂಗವಾಗಿ ದರ ಏರಿಸುತ್ತ ಹೋಗುವುದು ಕಂಪನಿಗಳನ್ನು ವಶಪಡಿಸಿಕೊಳ್ಳುವವರ ರೂಢಿ. ಕಂಪನಿಯ ಷೇರುದಾರರು ದರ ಏರಿದಂತೆ ಮನಸ್ಸು ಬದಲಿಸುತ್ತಾರೆ, ಫುಟ್‌ಬಾಲ್ ಆಟಗಾರ ಹಾಗೆ ಬದಲಿಸಬೇಕೆಂದಿಲ್ಲ.

ಆ ಜುಲೈ ತಿಂಗಳು ಮಾರೂನ್ ಫೆಲೈನಿ ಅವರ ವಿಷಯದಲ್ಲಿ ಕಳೆದುಹೋದ ರೀತಿ ಇನ್ನೂ ವಿಚಿತ್ರವಾದದ್ದು. ಎವರ್ಟನ್ ಜೊತೆಗಿನ ಅವರ ಕರಾರಿನಲ್ಲಿ, ಸುಮಾರು 2.35 ಕೋಟಿ ಪೌಂಡ್ ಕೊಟ್ಟವರಿಗೆ ಬಿಟ್ಟುಕೊಡಬೇಕೆಂಬ ರಿಲೀಸ್ ಕ್ಲಾಸ್ ಇತ್ತು ಮತ್ತು ಅದರ ಅವಧಿ ಜುಲೈ ಕೊನೆಗೆ ಮುಗಿಯುತ್ತಿತ್ತು. ಮೋಯ್ಸ್ ಆ ವರ್ಷದ ಬೇಸಿಗೆಯವರೆಗೂ ಎವರ್ಟನ್‌ನ ತರಬೇತುದಾರರಾಗಿದ್ದವರೇ ಆದ್ದರಿಂದ ಈ ವಿಷಯ ಯುನೈಟೆಡ್‌ಗೆ ಗೊತ್ತಿರಲಿಲ್ಲ ಎನ್ನುವುದಕ್ಕೆ ಆಸ್ಪದವೇ ಇಲ್ಲ. ಅವಧಿ ಮುಗಿಯಿತು. ಆಗಸ್ಟ್‌ನಲ್ಲಿ ಫೆಲೈನಿ ಮತ್ತು ಅದೇ ಕ್ಲಬ್ಬಿನ ಲೇಟನ್ ಬೇನ್ಸ್ ಇಬ್ಬರಿಗೂ ಸೇರಿಸಿ 2.8 ಕೋಟಿ ಪೌಂಡ್ ಕೊಡುತ್ತೇವೆಂದಾಗ, ಇದು ಹಾಸ್ಯಾಸ್ಪದ ಮತ್ತು ಅವಮಾನಕರ ಎಂಬರ್ಥದ ಉತ್ತರ ಎವರ್ಟನ್‌ನಿಂದ ಬಂತು. ಕೊನೆಗೆ ಸೆಪ್ಟೆಂಬರ್ 2ರ ರಾತ್ರಿ, ಇಂಗ್ಲೆಂಡಿನಲ್ಲಿ ಹನ್ನೊಂದು ಗಂಟೆಗೆ, ಅಂದರೆ ನಿದ್ದೆಗೆಟ್ಟು ಕಾಯುವ ಭಾರತದ ಅಭಿಮಾನಿಗಳಿಗೆ ನಸುಕಿನ ಮೂರೂವರೆಗೆ, ವಿಂಡೊ ಮುಚ್ಚುವ ಹೊತ್ತಿನಲ್ಲಿ, ಫೆಲೈನಿ ಒಬ್ಬರಿಗೇ 2.75 ಕೋಟಿ ಪೌಂಡ್ ತೆತ್ತು ಕರೆತಂದರು. ಇಬ್ಬರಿಗೆಂದು ಹೇಳಿದ್ದ ದರ ಹೆಚ್ಚುಕಡಿಮೆ ಒಬ್ಬರಿಗೇ ಖರ್ಚಾಯಿತು.

ಅದೇ ದಿನ ಅಥ್ಲೆಟಿಕ್ ಬಿಲ್ಬಾವೊ ತಂಡದ ಆಂಡರ್ ಹೆರೇರಾ ಕೂಡ ಕೈತಪ್ಪಿದರು. ಆಟಗಾರರನ್ನು ಮಾರಲು ಬಿಲ್ಬಾವೊ ಎಂದೂ ಆತುರಪಡುವುದಿಲ್ಲ. ಬಾಸ್ಕ್ ಪ್ರದೇಶದ ಆಟಗಾರರನ್ನಷ್ಟೇ ಆಡಿಸುವ ಸಂಪ್ರದಾಯವಿರುವುದರಿಂದ, ಕೈಗೆ ಬರುವ ಹಣದಿಂದ ಹೊರಗಿನವರನ್ನು ತಂದು ಆ ಜಾಗ ತುಂಬಲು ಅವರಿಗೆ ಸಾಧ್ಯವಿಲ್ಲ. ಕರಾರಿನಲ್ಲಿರುವ 3.6 ಕೋಟಿ ಯೂರೊ ಪೂರ್ತಿ ಕೊಟ್ಟರೆ ಮಾತ್ರ ಬಿಡುತ್ತೇವೆ ಎಂಬ ಅವರ ನಿಲುವು ಎಲ್ಲರಿಗೂ ತಿಳಿದಿದ್ದರೂ ಯುನೈಟೆಡ್ ಕಡಿಮೆ ಹಣದ ಪ್ರಸ್ತಾವ ಇಟ್ಟಿತು. ಕೊನೆಯ ದಿನ ಮೂವರು ವಕೀಲರು ಸ್ಪ್ಯಾನಿಷ್ ಲೀಗ್ ಕಚೇರಿಗೆ ಹೋದರು, ಅವರು ನಮ್ಮವರಲ್ಲವೆಂದು ಕ್ಲಬ್ ಹೇಳಿತು, ಪತ್ರಿಕೆಗಳು ಅವರನ್ನು ನಕಲಿಗಳೆಂದು ಕರೆದವು, ಒಟ್ಟಿನಲ್ಲಿ ಪ್ರಹಸನವಾಯಿತು. ಮರುವರ್ಷ ಜೂನ್‌ನಲ್ಲಿ ಅದೇ ಹೆರೇರಾ ಅವರನ್ನು ಯುನೈಟೆಡ್ ಕೊಂಡಿತು, ಅದೇ 3.6 ಕೋಟಿ ಯೂರೊ ಕೊಟ್ಟು. ಬಿಲ್ಬಾವೊ ಎಂಥ ಕ್ಲಬ್ ಎಂಬುದನ್ನು ಬಲ್ಲ ಒಬ್ಬರು ಕಚೇರಿಯಲ್ಲಿದ್ದಿದ್ದರೆ ಒಂದು ಋತು ಉಳಿಯುತ್ತಿತ್ತು.

ನಮ್ಮ ಕಡೆಯ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುತ್ತಾರೆ. ಆ ಬೆರಳಿನ ಭಾಷೆ ಬಲ್ಲವರು ಜಾಣರೇ. ಆದರೆ ಜೋಡಿ ಎತ್ತು ಕೊಳ್ಳಲು ಹೋಗುವ ರೈತರು ದಲ್ಲಾಳಿಯನ್ನಷ್ಟೇ ನಂಬಿ ಹೋಗುವುದಿಲ್ಲ, ಹಲ್ಲು ಎಣಿಸಿ ಸುಳಿ ನೋಡಬಲ್ಲ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡೇ ಹೋಗುತ್ತಾರೆ. ಯುನೈಟೆಡ್‌ನಲ್ಲಿ ಸುಳಿ ನೋಡುವವರು 2013ರ ಮೇ ತಿಂಗಳಲ್ಲಿ ನಿವೃತ್ತರಾದರು, ಆ ಜಾಗಕ್ಕೆ ಬೇರೊಬ್ಬರನ್ನು ತರಬೇಕೆಂದು ಕ್ಲಬ್ಬಿಗೆ ಹೊಳೆಯಲು ಎಂಟು ವರ್ಷ ಹಿಡಿಯಿತು.

ಬ್ಯಾಂಕಿನವರು, ಲೆಕ್ಕದವರು ಎಂಬ ಆಕ್ಷೇಪ ನಿಲ್ಲುವುದಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ವುಡ್‌ವರ್ಡ್ ಅವರಿಗಿಂತ ಮೊದಲಿದ್ದ ಡೇವಿಡ್ ಗಿಲ್ ಕೂಡ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದವರೇ, ಕ್ಲಬ್ಬಿಗೆ ಬಂದದ್ದು ಹಣಕಾಸು ನಿರ್ದೇಶಕರಾಗಿಯೇ. 2004ರಲ್ಲಿ ವೇಯ್ನ್ ರೂನಿ, 2006ರ ಜನವರಿಯಲ್ಲಿ ನೆಮಾನ್ಯಾ ವಿಡಿಚ್ ಮತ್ತು ಪ್ಯಾಟ್ರಿಸ್ ಎವ್ರಾ, 2012ರಲ್ಲಿ ರಾಬಿನ್ ವ್ಯಾನ್ ಪರ್ಸಿ ಬಂದದ್ದು ಅವರ ಕಾಲದಲ್ಲಿ. ಯಾರು ಬೇಕು, ಯಾವಾಗ ಬೇಕು, ಇವನಿಗೆ ಇಷ್ಟಕ್ಕಿಂತ ಹೆಚ್ಚು ಕೊಡುವುದು ಬೇಡ ಎಂಬ ತೀರ್ಮಾನಗಳು ಫರ್ಗ್ಯೂಸನ್ ಅವರ ಕೋಣೆಯಲ್ಲಿ ಆಗಿಬಿಡುತ್ತಿದ್ದವು. ಗಿಲ್ ಅವರಿಗೆ ಉಳಿಯುತ್ತಿದ್ದುದು ಅದನ್ನು ಜಾರಿಗೆ ತರುವುದು. ವುಡ್‌ವರ್ಡ್ ಅವರಿಗೆ ಸಿಕ್ಕಿದ್ದು ಮೋಯ್ಸ್, ಲೂಯಿ ವಾನ್ ಗಾಲ್, ಜೋಸೆ ಮೌರಿನ್ಯೊ, ಉಲೆ ಗುನಾರ್ ಸುಲ್ಶೇರ್ ಎಂಬ ನಾಲ್ವರು ತರಬೇತುದಾರರು. ಪ್ರತಿಯೊಬ್ಬರಿಗೂ ಬೇಕಾಗಿದ್ದುದು ಬೇರೆಯದೇ ಬಗೆಯ ತಂಡ, ಹಿಂದಿನವರು ಆಸೆಪಟ್ಟು ಕೊಂಡದ್ದು ಮುಂದಿನವರಿಗೆ ಹೊರೆ. ಹಾಗಿದ್ದಾಗ ಪಟ್ಟಿಯ ಮೊದಲ ಹೆಸರು ತರಬೇತುದಾರರದು, ಎರಡನೇ ಹೆಸರು ಏಜೆಂಟರು ಸೂಚಿಸಿದ್ದು, ಮೂರನೆಯದು ಇನ್ಯಾರದೋ ಎಂಬಂತಾಗುವುದು ಸಹಜ.

ಪಟ್ಟಿಯ ಎರಡನೇ ಹೆಸರಿನ ಬೆಲೆ ಎಷ್ಟೆಂಬುದನ್ನು ಆಂಕೆಲ್ ದಿ ಮರಿಯ ಪ್ರಕರಣ ತೋರಿಸುತ್ತದೆ. 2014ರಲ್ಲಿ ರಿಯಲ್ ಮ್ಯಾಡ್ರಿಡ್ ಆಗಷ್ಟೇ ಹಾಮೆಸ್ ರೊಡ್ರಿಗಸ್ ಅವರನ್ನು ಕೊಂಡಿತ್ತು, ದಿ ಮರಿಯ ಹೊರಡುವ ಮನಸ್ಸಿನಲ್ಲಿದ್ದರು, ಅವರ ಮೇಲೆ ಕಣ್ಣಿಟ್ಟಿದ್ದ ಪ್ಯಾರಿಸ್ ಸೇಂಟ್ ಜರ್ಮೈನ್ ಆ ಬೇಸಿಗೆಯಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಹೇರಿದ್ದ ಖರ್ಚಿನ ಮಿತಿಯಿಂದಾಗಿ ಕೈಕಟ್ಟಿ ಕೂತಿತ್ತು. ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದು ಅಪರೂಪ. ಆದರೂ ಯುನೈಟೆಡ್ ಕೊಟ್ಟದ್ದು 5.97 ಕೋಟಿ ಪೌಂಡ್, ಆವರೆಗಿನ ಬ್ರಿಟಿಷ್ ದಾಖಲೆ. ಋತು ಶುರುವಾಗಿ ಹೋಗಿತ್ತು, ಗೆಲುವು ಬಂದಿರಲಿಲ್ಲ, ದೊಡ್ಡ ಹೆಸರೊಂದು ಬೇಕಿತ್ತು; ಇಷ್ಟೂ ಸಂಗತಿ ಮ್ಯಾಡ್ರಿಡ್‌ಗೆ ತಿಳಿದಿತ್ತು. ಒಂದೇ ವರ್ಷದಲ್ಲಿ ಆತ ಸುಮಾರು 4.4 ಕೋಟಿ ಪೌಂಡ್‌ಗೆ ಅದೇ ಪ್ಯಾರಿಸ್‌ಗೆ ಹೊರಟುಹೋದರು. ಬೇರೆ ಕ್ಲಬ್ಬಿನಿಂದ ಎರವಲಾಗಿ ಬಂದ ರಡಾಮೆಲ್ ಫಾಲ್ಕಾವೊ ಅವರ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ.

2015ರಲ್ಲಿ ಗೋಲ್‌ಕೀಪರ್ ಡೇವಿಡ್ ಡೆ ಹೇಯ ಅವರನ್ನು ಮ್ಯಾಡ್ರಿಡ್‌ಗೆ ಕಳಿಸುವ ವ್ಯವಹಾರವು ಸ್ಪೇನಿನಲ್ಲಿ ವಿಂಡೊ ಮುಚ್ಚುವ ಮಧ್ಯರಾತ್ರಿ ಕಾಗದಪತ್ರಗಳು ಹೊತ್ತಿಗೆ ಸರಿಯಾಗಿ ತಲುಪದೆ ಮುರಿದುಬಿತ್ತು, ಎರಡೂ ಕ್ಲಬ್ಬುಗಳು ಪರಸ್ಪರರ ಮೇಲೆ ತಪ್ಪು ಹೊರಿಸಿದವು. ವುಡ್‌ವರ್ಡ್ ಅವರ ಕಾಲದ ಅತ್ಯಂತ ಲಾಭದಾಯಕ ವ್ಯವಹಾರ ಯಾವುದು ಎಂದು ಕೇಳಿದರೆ, ನಡೆಯದೇ ಹೋದ ಈ ವ್ಯವಹಾರವನ್ನೇ ಹೆಸರಿಸಬೇಕೇನೋ ಎಂದು ನನಗೆ ಕೆಲವೊಮ್ಮೆ ಅನ್ನಿಸಿದ್ದುಂಟು. ಮುಂದಿನ ಕೆಲವು ವರ್ಷ ಆ ತಂಡದ ಮಾನ ಉಳಿಸಿದವರು ಡೆ ಹೇಯ ಅವರೇ.

ಪಾಲ್ ಪೊಗ್ಬಾ ಅವರ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 2012ರಲ್ಲಿ ತೀರ ಸಣ್ಣ ಪರಿಹಾರ ಧನಕ್ಕೆ ಯುವೆಂಟಸ್‌ಗೆ ಹೋದ ಹುಡುಗನನ್ನು 2016ರಲ್ಲಿ 8.9 ಕೋಟಿ ಪೌಂಡ್ ಎಂಬ ವಿಶ್ವದಾಖಲೆಯ ದರಕ್ಕೆ ಮರಳಿ ತರಲಾಯಿತು. ಏಜೆಂಟ್ ಮಿನೊ ರಾಯೋಲಾ ಎಲ್ಲ ಕಡೆಗಳಿಂದ ಸೇರಿ ಸುಮಾರು 4.9 ಕೋಟಿ ಯೂರೊ ಪಡೆದರೆಂದು ಮರುವರ್ಷ ವರದಿಯಾಯಿತು. 2022ರಲ್ಲಿ ಕರಾರು ಮುಗಿದಾಗ ಪೊಗ್ಬಾ ಮತ್ತೆ ಯುವೆಂಟಸ್‌ಗೇ ಹೋದರು, ಈ ಬಾರಿ ಒಂದು ಪೈಸೆಯೂ ಬರಲಿಲ್ಲ. ದರವನ್ನಷ್ಟೇ ನೋಡಿದರೆ ಇದು ದುಬಾರಿ ಖರೀದಿ. ನನಗೆ ದರಕ್ಕಿಂತ ಹೆಚ್ಚು ಕಾಡುವುದು, ಅವರನ್ನು ಮೈದಾನದ ಯಾವ ಜಾಗದಲ್ಲಿ, ಯಾರ ಪಕ್ಕದಲ್ಲಿ ಆಡಿಸಬೇಕೆಂಬುದು ಅವರು ಇದ್ದ ಆರು ವರ್ಷಗಳಲ್ಲಿ ಕೊನೆಗೂ ಯಾರಿಗೂ ಸ್ಪಷ್ಟವಾಗಲಿಲ್ಲ ಎಂಬ ಸಂಗತಿ. ಮಾತುಕತೆಗೆ ಕೂರುವ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು.

2018ರ ಜನವರಿಯಲ್ಲಿ ಅಲೆಕ್ಸಿಸ್ ಸ್ಯಾಂಚೆಸ್ ಅವರ ಆಗಮನವಂತೂ ಮಾರಾಟಗಾರರ ಕಣ್ಣು ಕೊಳ್ಳುವವರ ಕಣ್ಣನ್ನು ಮುಚ್ಚಿದ್ದಕ್ಕೆ ಅಪ್ಪಟ ನಿದರ್ಶನ. ಅರ್ಸೆನಲ್‌ನಿಂದ ಅವರನ್ನು ಪಡೆಯಲು ಮೊದಲು ಪ್ರಯತ್ನಿಸಿದ್ದು ಮ್ಯಾಂಚೆಸ್ಟರ್ ಸಿಟಿ. ಒಟ್ಟು ವೆಚ್ಚ ಮಿತಿ ಮೀರುತ್ತಿದೆ ಎಂದು ಕಂಡಾಗ ಅದು ಹಿಂದೆ ಸರಿದು, ಆ ತಿಂಗಳ ಕೊನೆಯಲ್ಲಿ ಎಮೆರಿಕ್ ಲಪೋರ್ಟ್ ಅವರನ್ನು, ಬೇಸಿಗೆಯಲ್ಲಿ ರಿಯಾದ್ ಮಹ್ರೆಜ್ ಅವರನ್ನು ಕೊಂಡಿತು. ಯುನೈಟೆಡ್ ಹೆನ್ರಿಕ್ ಮ್ಖಿತರ್ಯಾನ್ ಅವರನ್ನು ಬದಲಿಗೆ ಕೊಟ್ಟು ಸ್ಯಾಂಚೆಸ್ ಅವರನ್ನು ಪಡೆದದ್ದರಿಂದ ಕಾಗದದ ಮೇಲೆ ಖರ್ಚು ಇಲ್ಲವೆಂಬಂತೆ ಕಂಡಿತು. ಸಂಬಳ ಮಾತ್ರ ಇಡೀ ಲೀಗ್‌ನಲ್ಲೇ ಅತಿ ಹೆಚ್ಚಿನ ಸಾಲಿಗೆ ಸೇರಿತು. ಅದಾದ ಕೆಲವೇ ವಾರಗಳಲ್ಲಿ ವುಡ್‌ವರ್ಡ್ ಹೂಡಿಕೆದಾರರ ಸಭೆಯಲ್ಲಿ ಈ ಖರೀದಿಯ ಪ್ರಕಟಣೆಗೆ ಸಾಮಾಜಿಕ ಜಾಲತಾಣಗಳಲ್ಲಿ ಬಂದ ಪ್ರತಿಕ್ರಿಯೆಯನ್ನೂ ಅಂಗಿಗಳ ಮಾರಾಟವನ್ನೂ ಹೆಮ್ಮೆಯಿಂದ ವಿವರಿಸಿದರು. ಸ್ಯಾಂಚೆಸ್ ಯುನೈಟೆಡ್ ಪರ ಆಡಿದ್ದು 45 ಪಂದ್ಯ, ಹೊಡೆದದ್ದು 5 ಗೋಲು. ಅವರ ಸಂಬಳ ಕಂಡ ಉಳಿದ ಆಟಗಾರರು ತಮ್ಮ ಕರಾರು ನವೀಕರಿಸುವಾಗ ಅದನ್ನೇ ಅಳತೆಗೋಲಾಗಿ ಹಿಡಿದರೆ ಅವರನ್ನು ದೂರುವಂತಿಲ್ಲ. ತಂಡದ ಆಟದ ಗುಣಮಟ್ಟವು ವಾಣಿಜ್ಯ ವ್ಯವಹಾರದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಬೀರುವುದಿಲ್ಲ ಎಂದು ಅದೇ ವರ್ಷ ವುಡ್‌ವರ್ಡ್ ಹೂಡಿಕೆದಾರರಿಗೆ ಹೇಳಿದ್ದು ಲೆಕ್ಕದ ದೃಷ್ಟಿಯಿಂದ ನಿಜವೇ ಇರಬಹುದು. ಆ ಮಾತನ್ನು ಆಡುವವರು ಆಟಗಾರರನ್ನು ಕೊಳ್ಳುವ ಮೇಜಿನಲ್ಲೂ ಕೂರುತ್ತಾರೆ ಎಂಬುದಷ್ಟೇ ತೊಂದರೆ.

ಇಷ್ಟಾಗಿಯೂ ಅವರು ಯಾವಾಗಲೂ ಕೇಳಿದಷ್ಟು ಕೊಟ್ಟುಬಿಡುವವರಾಗಿದ್ದರು ಎನ್ನುವುದು ನ್ಯಾಯವಲ್ಲ. ಜೇಡನ್ ಸ್ಯಾಂಚೊ ಅವರಿಗೆ 2020ರಲ್ಲಿ ಬೊರುಸಿಯಾ ಡಾರ್ಟ್‌ಮಂಡ್ 12 ಕೋಟಿ ಯೂರೊ ಕೇಳಿ, ಆಗಸ್ಟ್ 10ರೊಳಗೆ ತೀರ್ಮಾನವಾಗಬೇಕೆಂದು ಗಡುವು ಹಾಕಿತು. ಜರ್ಮನ್ನರ ಗಡುವು ಬಾಯಿಮಾತಿನದಿರಬೇಕೆಂದು ಯುನೈಟೆಡ್ ಭಾವಿಸಿತೋ ಏನೋ, ಅದು ದರ ಒಪ್ಪಲಿಲ್ಲ. ಡಾರ್ಟ್‌ಮಂಡ್ ಗಡುವಿಗೆ ಕಟ್ಟುಬಿದ್ದು ಬಾಗಿಲು ಹಾಕಿತು. ಮರುವರ್ಷ 8.5 ಕೋಟಿ ಯೂರೊಗೆ ಸ್ಯಾಂಚೊ ಬಂದರು. 3.5 ಕೋಟಿ ಉಳಿಯಿತು ಎಂದು ಬೆನ್ನು ತಟ್ಟಬಹುದು. ಆದರೆ ಕಾದದ್ದು ಆಲೋಚಿಸಿ ಕಾದದ್ದಲ್ಲ ಎಂಬುದು 2020ರ ಅಕ್ಟೋಬರ್ 5ರಂದು ಗೊತ್ತಾಯಿತು. ಹಿಂದಿನ ದಿನ ಟಾಟನಮ್ ವಿರುದ್ಧ 6-1ರಿಂದ ಸೋತಿದ್ದ ತಂಡ ವಿಂಡೊದ ಕೊನೆಯ ದಿನ ಎಡಿನ್ಸನ್ ಕವಾನಿ, ಅಲೆಕ್ಸ್ ಟೆಲೆಸ್, ಫಕುಂಡೊ ಪೆಲಿಸ್ಟ್ರಿ ಎಂದು ಸಿಕ್ಕಿದವರನ್ನೆಲ್ಲ ಸೇರಿಸಿಕೊಂಡಿತು. ಬ್ರೂನೊ ಫರ್ನಾಂಡಿಸ್ ವಿಷಯದಲ್ಲಿ ಮಾತ್ರ ಕಾಯುವಿಕೆ ಪೂರ್ತಿ ಫಲ ಕೊಟ್ಟಿತೆನ್ನಬೇಕು. 2020ರ ಜನವರಿಯಿಡೀ ಎಳೆದಾಡಿ, ಸ್ಪೋರ್ಟಿಂಗ್ ಲಿಸ್ಬನ್ ಮೊದಲು ಹೇಳಿದ್ದಕ್ಕಿಂತ ಕಡಿಮೆ ಮುಂಗಡಕ್ಕೆ, ಅಂದರೆ 5.5 ಕೋಟಿ ಯೂರೊ ಮತ್ತು ಸಾಧನೆಯ ಮೇಲೆ ಸಲ್ಲುವ ಮೊತ್ತಕ್ಕೆ, ಅವರನ್ನು ತಂದದ್ದು ಫರ್ಗ್ಯೂಸನ್ ನಂತರದ ಯುನೈಟೆಡ್‌ನ ಅತ್ಯುತ್ತಮ ಖರೀದಿ. ಅದೇ ವಾರ ಕೆಲವರು ವುಡ್‌ವರ್ಡ್ ಅವರ ಮನೆಯ ಮುಂದೆ ಹೋಗಿ ಬೆಂಕಿಯುಗುಳುವ ಫ್ಲೇರ್‌ಗಳನ್ನು ಎಸೆದರು. ಅದನ್ನು ಅಭಿಮಾನ ಎಂದು ಕರೆಯಲು ನಾನು ಸಿದ್ಧನಿಲ್ಲ, ಅದು ಗೂಂಡಾಗಿರಿ.

ಹ್ಯಾರಿ ಮಗ್ವಾಯರ್ ಪ್ರಕರಣದಲ್ಲಿ ಇದರ ಇನ್ನೊಂದು ಮುಖವಿದೆ. 2018ರ ವಿಶ್ವಕಪ್ ಆದ ಮೇಲೆ ಮೌರಿನ್ಯೊ ರಕ್ಷಣಾ ಆಟಗಾರನೊಬ್ಬ ಬೇಕೇಬೇಕೆಂದು ಕೇಳಿದಾಗ ಕೊಡಲಿಲ್ಲ; ಆ ಸೆಪ್ಟೆಂಬರ್‌ನಲ್ಲಿ ಮಗ್ವಾಯರ್ ಲೆಸ್ಟರ್ ಜೊತೆ ಹೊಸ ದೀರ್ಘ ಕರಾರಿಗೆ ಸಹಿ ಹಾಕಿದರು, ಲೆಸ್ಟರ್‌ನ ಕೈ ಇನ್ನಷ್ಟು ಬಲವಾಯಿತು. ಮರುವರ್ಷ, ಮೌರಿನ್ಯೊ ಹೋಗಿಯಾದ ಮೇಲೆ, ಅದೇ ಮಗ್ವಾಯರ್ ಅವರನ್ನು 8 ಕೋಟಿ ಪೌಂಡ್‌ಗೆ ಕೊಳ್ಳಲಾಯಿತು. ರಕ್ಷಣಾ ಆಟಗಾರರ ಮಟ್ಟಿಗೆ ಅದು ವಿಶ್ವದಾಖಲೆ. ನಾವೂ ಆಸಕ್ತರಾಗಿದ್ದೆವು, ಆದರೆ ಅಷ್ಟು ಕೊಡುವುದು ನಮ್ಮಿಂದಾಗದು ಎಂದು ಸಿಟಿಯ ಪೆಪ್ ಗ್ವಾರ್ಡಿಯೊಲಾ ಹೇಳಿದರು. ಎಷ್ಟಕ್ಕೆ ನಿಲ್ಲಬೇಕೆಂಬುದು ಸಿಟಿಗೆ ಮೊದಲೇ ತಿಳಿದಿತ್ತು.

ಖರೀದಿಯಷ್ಟು ಗಮನ ಸೆಳೆಯದ ಆದರೆ ಅಷ್ಟೇ ಹಾನಿ ಮಾಡಿದ ಒಂದು ಅಭ್ಯಾಸದ ಬಗ್ಗೆಯೂ ಹೇಳಬೇಕು. ಫುಟ್‌ಬಾಲ್ ಕ್ಲಬ್ಬಿನ ಲೆಕ್ಕಪುಸ್ತಕದಲ್ಲಿ ಆಟಗಾರ ಒಂದು ಆಸ್ತಿ; ಅವನ ಖರೀದಿ ಹಣವನ್ನು ಕರಾರಿನ ವರ್ಷಗಳ ಮೇಲೆ ಹಂಚಿ ಪ್ರತಿವರ್ಷ ಸಮನಾಗಿ ಇಳಿಸುತ್ತ ಬರುತ್ತಾರೆ, ಕರಾರು ಮುಗಿದ ದಿನ ಆತ ಬಿಟ್ಟಿಯಾಗಿ ಹೊರಟುಹೋಗಬಹುದು. ಆಸ್ತಿ ಕೈಬಿಟ್ಟುಹೋಗಬಾರದೆಂದು ಕರಾರು ವಿಸ್ತರಿಸುವುದು ಲೆಕ್ಕದವರ ಸಹಜ ಪ್ರತಿಕ್ರಿಯೆ. ಹೀಗೆ ಮಾರ್ಕೋಸ್ ರೊಹೊ, ಕ್ರಿಸ್ ಸ್ಮಾಲಿಂಗ್ ಅವರ ಕರಾರುಗಳು 2018ರಲ್ಲಿ ವಿಸ್ತರಣೆಯಾದವು; ಫಿಲ್ ಜೋನ್ಸ್ 2019ರ ಫೆಬ್ರವರಿಯಲ್ಲಿ 2023ರವರೆಗಿನ ಕರಾರು ಪಡೆದು, ಗಾಯಗಳ ದೆಸೆಯಿಂದ ಆ ಅವಧಿಯಲ್ಲಿ ಆಡಿದ್ದು ತೀರ ಕಡಿಮೆ. ಕಾಗದದ ಮೇಲೆ ಆಸ್ತಿ ಉಳಿಯಿತು. ಆದರೆ ಅವರಿಗೆ ಸಿಗುತ್ತಿದ್ದ ಸಂಬಳವನ್ನು ಬೇರೆ ಯಾವ ಕ್ಲಬ್ಬೂ ಕೊಡಲು ಒಪ್ಪದಿದ್ದರಿಂದ ಆ ಆಸ್ತಿಯನ್ನು ಮಾರುವಂತಿರಲಿಲ್ಲ. ಆಟಗಾರನೊಬ್ಬ ಇನ್ನು ಎರಡು ವರ್ಷಗಳಲ್ಲಿ ಹೇಗಿರುತ್ತಾನೆ ಎಂಬ ಅಂದಾಜು ಲೆಕ್ಕಪುಸ್ತಕದಿಂದ ಸಿಗುವಂಥದ್ದಲ್ಲ.

ಹಾಗಾದರೆ ಈ ಕೆಲಸಕ್ಕೆ ಆಡಿ ಬಂದವರೇ ಬೇಕೆ? ಲಿವರ್‌ಪೂಲ್‌ನ ಮೈಕಲ್ ಎಡ್ವರ್ಡ್ಸ್ ಅವರನ್ನು ನೋಡಿದರೆ ಹಾಗೇನೂ ಅನ್ನಿಸುವುದಿಲ್ಲ. ಪೋರ್ಟ್ಸ್‌ಮತ್ ಮತ್ತು ಟಾಟನಮ್ ಕ್ಲಬ್ಬುಗಳಲ್ಲಿ ಪಂದ್ಯಗಳ ವಿಶ್ಲೇಷಕರಾಗಿದ್ದು 2016ರಲ್ಲಿ ಲಿವರ್‌ಪೂಲ್‌ನ ಕ್ರೀಡಾ ನಿರ್ದೇಶಕರಾದ ಅವರಿಗೆ ಹೆಸರಾಂತ ಆಟಗಾರನ ಹಿನ್ನೆಲೆಯಿಲ್ಲ. 2017ರ ಜೂನ್‌ನಲ್ಲಿ ವರ್ಜಿಲ್ ವಾನ್ ಡೈಕ್ ಅವರನ್ನು ಸೆಳೆಯುವ ಯತ್ನದ ಬಗ್ಗೆ ಸೌತಾಂಪ್ಟನ್ ದೂರಿದಾಗ ಲಿವರ್‌ಪೂಲ್ ಬಹಿರಂಗವಾಗಿ ಕ್ಷಮೆ ಕೇಳಿ ಹಿಂದೆ ಸರಿಯಬೇಕಾಯಿತು. ಆ ಬೇಸಿಗೆಯಲ್ಲಿ ಗಾಬರಿಯಿಂದ ಇನ್ಯಾರನ್ನೋ ತಂದು ಆ ಜಾಗಕ್ಕೆ ತುರುಕದೆ ಆರು ತಿಂಗಳು ಕಾದು, ಡಿಸೆಂಬರ್ ಕೊನೆಯಲ್ಲಿ 7.5 ಕೋಟಿ ಪೌಂಡ್ ಪೂರ್ತಿ ಕೊಟ್ಟು ಅವರನ್ನೇ ಕೊಂಡರು. ಅದಾದ ಕೆಲವೇ ದಿನಗಳಿಗೆ ಫಿಲಿಪೆ ಕುಟಿನ್ಯೊ ಅವರನ್ನು ಬಾರ್ಸಿಲೋನಾಗೆ ಮಾರಿದರು, ಷರತ್ತಿನ ಹಣವೂ ಸೇರಿ 14.2 ಕೋಟಿ ಪೌಂಡ್‌ವರೆಗೆ. ಹಿಂದಿನ ಬೇಸಿಗೆಯಲ್ಲಿ ನೇಮಾರ್ ಅವರನ್ನು 22.2 ಕೋಟಿ ಯೂರೊಗೆ ಕಳೆದುಕೊಂಡಿದ್ದ ಬಾರ್ಸಿಲೋನಾಗೆ ಎಷ್ಟು ಗರಜು ಇದೆಯೆಂಬುದು ಅವರಿಗೆ ಗೊತ್ತಿತ್ತು. ವಾನ್ ಡೈಕ್ ದರವೂ ರಕ್ಷಣಾ ಆಟಗಾರರ ಮಟ್ಟಿಗೆ ಆಗಿನ ದಾಖಲೆಯೇ. ಆದರೆ ಅದನ್ನು ದುಬಾರಿ ಎಂದು ಇಂದು ಯಾರೂ ಹೇಳುವುದಿಲ್ಲ.

ಚೆಲ್ಸಿ ಕ್ಲಬ್ಬಿನ ಖರೀದಿ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಮರೀನಾ ಗ್ರಾನೊವ್ಸ್ಕಾಯಾ ಇನ್ನೂ ಕುತೂಹಲಕಾರಿ ಉದಾಹರಣೆ. ಆಗಿನ ಮಾಲೀಕ ರೊಮಾನ್ ಅಬ್ರಮೊವಿಚ್ ಅವರ ಕಚೇರಿಯಿಂದ ಬಂದ ಅವರಿಗೂ ಆಟದ ಹಿನ್ನೆಲೆ ಇರಲಿಲ್ಲ, ಆದರೂ ಕಠಿಣ ವ್ಯವಹಾರಸ್ಥೆ ಎಂಬ ಹೆಸರನ್ನು ಅವರು ಸುಮ್ಮನೆ ಗಳಿಸಿದ್ದಲ್ಲ: ಕರಾರಿನಲ್ಲಿ ಒಂದೇ ವರ್ಷ ಉಳಿದಿದ್ದ ಎಡೆನ್ ಹಜಾರ್ಡ್ ಅವರನ್ನು 2019ರಲ್ಲಿ ಸುಮಾರು 10 ಕೋಟಿ ಯೂರೊಗೆ ಮ್ಯಾಡ್ರಿಡ್‌ಗೆ ಮಾರಿದ್ದು ಸಾಧಾರಣ ಕೆಲಸವಲ್ಲ. ಆದರೆ ಅದೇ ಗ್ರಾನೊವ್ಸ್ಕಾಯಾ, 2018ರ ಆಗಸ್ಟ್‌ನಲ್ಲಿ ತಿಬೊ ಕೋರ್ಟ್ವಾ ಹೊರಟುನಿಂತಾಗ, ಕೆಲವೇ ದಿನಗಳ ಅವಕಾಶದಲ್ಲಿ ಬಿಲ್ಬಾವೊಗೆ ಕೆಪಾ ಅರಿಜಬಲಾಗಾ ಅವರ ರಿಲೀಸ್ ಕ್ಲಾಸ್‌ನ ಪೂರ್ತಿ ಹಣ ಸುರಿದು ಗೋಲ್‌ಕೀಪರ್ ಒಬ್ಬನಿಗೆ ಹಿಂದೆಂದೂ ಕೊಡದ ದರ ತೆತ್ತರು. ಮಾರುವಾಗ ಸಿಂಹಿಣಿಯಾಗಿದ್ದವರು ಕೊಳ್ಳುವಾಗ ಗರಜಿಗೆ ಬಾಗಿದರು. ಇವರಲ್ಲಿ ಯಾರ ಬುದ್ಧಿವಂತಿಕೆಯೂ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಬದಲಾಗಿರಲಿಲ್ಲ, ಬದಲಾದದ್ದು ಅವರು ಕೂತಿದ್ದ ಕುರ್ಚಿ.

ಯುನೈಟೆಡ್ 2021ರ ಮಾರ್ಚ್‌ನಲ್ಲಿ ಜಾನ್ ಮರ್ಟೊ ಅವರನ್ನು ಫುಟ್‌ಬಾಲ್ ನಿರ್ದೇಶಕರನ್ನಾಗಿ, ಡ್ಯಾರೆನ್ ಫ್ಲೆಚರ್ ಅವರನ್ನು ತಾಂತ್ರಿಕ ನಿರ್ದೇಶಕರನ್ನಾಗಿ ನೇಮಿಸಿತು. ಅದರ ಮರುತಿಂಗಳು, ದೊಡ್ಡ ಕ್ಲಬ್ಬುಗಳು ತಮಗಾಗಿ ಪ್ರತ್ಯೇಕ ಲೀಗ್ ಕಟ್ಟಿಕೊಳ್ಳಲು ಹೊರಟಿದ್ದ ಯುರೋಪಿಯನ್ ಸೂಪರ್ ಲೀಗ್ ಯೋಜನೆ ಎರಡೇ ದಿನಗಳಲ್ಲಿ ಕುಸಿದುಬಿದ್ದಾಗ ವುಡ್‌ವರ್ಡ್ ರಾಜೀನಾಮೆ ಪ್ರಕಟಿಸಿದರು, 2022ರ ಫೆಬ್ರವರಿಯಲ್ಲಿ ನಿರ್ಗಮಿಸಿದರು. ಅವರು ಹೋದ ಮೇಲೆ ಎಲ್ಲವೂ ಸರಿಯಾಗುತ್ತದೆ ಎಂದು ನಂಬಿದವರಿಗೆ ಅದೇ ಬೇಸಿಗೆಯಲ್ಲಿ ಉತ್ತರ ಸಿಕ್ಕಿತು. ಋತುವಿನ ಮೊದಲ ಎರಡು ಪಂದ್ಯಗಳಲ್ಲಿ ಬ್ರೈಟನ್‌ಗೂ ಬ್ರೆಂಟ್‌ಫರ್ಡ್‌ಗೂ ಸೋತ ಮೇಲೆ, ಆಯಾಕ್ಸ್‌ನ ಆಂಟನಿ ಅವರನ್ನು ಆಗಸ್ಟ್ ಕೊನೆಯಲ್ಲಿ 9.5 ಕೋಟಿ ಯೂರೊ ಮತ್ತು ಷರತ್ತಿನ ಹಣಕ್ಕೆ ಕೊಳ್ಳಲಾಯಿತು. ಕುರ್ಚಿಯಲ್ಲಿ ಹೊಸಬರಿದ್ದರು, ಫುಟ್‌ಬಾಲ್ ನಿರ್ದೇಶಕರೂ ಇದ್ದರು; ತರಬೇತುದಾರ ಎರಿಕ್ ಟೆನ್ ಹಾಗ್ ಕೇಳಿದ ಹೆಸರಿಗೆ ಪರ್ಯಾಯ ಹೆಸರು ಹೇಳಿ, ಇಷ್ಟು ದರಕ್ಕೆ ಬೇಡ ಎನ್ನುವ ಅಧಿಕಾರ ಮಾತ್ರ ಯಾರ ಬಳಿಯೂ ಇದ್ದಂತಿರಲಿಲ್ಲ.

2024ರಲ್ಲಿ, ಕ್ಲಬ್ಬಿನ ಪಾಲು ಕೊಂಡ ಜಿಮ್ ರ‍್ಯಾಟ್‌ಕ್ಲಿಫ್ ಅವರ ತಂಡ ಫುಟ್‌ಬಾಲ್ ಆಡಳಿತವನ್ನು ವಹಿಸಿಕೊಂಡ ಮೇಲೆ ಕ್ರೀಡಾ ನಿರ್ದೇಶಕ ಡ್ಯಾನ್ ಆಶ್‌ವರ್ತ್ ಅವರನ್ನು ಕರೆತರಲು ನ್ಯೂಕ್ಯಾಸಲ್ ಜೊತೆ ತಿಂಗಳುಗಟ್ಟಲೆ ಪರಿಹಾರದ ಚೌಕಾಸಿ ನಡೆಸಿ, ಜುಲೈನಲ್ಲಿ ಬಂದ ಅವರನ್ನು ಡಿಸೆಂಬರ್‌ನಲ್ಲಿ ಕಳಿಸಿಕೊಟ್ಟಿತು. ಆದ್ದರಿಂದ ಹುದ್ದೆಯ ಹೆಸರು ಬದಲಾದ ಮಾತ್ರಕ್ಕೆ ನಾನು ಯಾವ ತೀರ್ಮಾನಕ್ಕೂ ಬರುವುದಿಲ್ಲ. ಆದರೂ ಈಗಿನ ಮುಖ್ಯ ಕಾರ್ಯನಿರ್ವಾಹಕ ಒಮರ್ ಬೆರಾಡಾ ಮತ್ತು ಫುಟ್‌ಬಾಲ್ ನಿರ್ದೇಶಕ ಜೇಸನ್ ವಿಲ್ಕಾಕ್ಸ್ ಅವರ 2025ರ ಬೇಸಿಗೆಯಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ವುಲ್ವ್ಸ್‌ನ ಮಥೀಯುಸ್ ಕುನ್ಯಾ ಅವರ ಕರಾರಿನಲ್ಲಿದ್ದ 6.25 ಕೋಟಿ ಪೌಂಡ್‌ಗಳ ರಿಲೀಸ್ ಕ್ಲಾಸ್‌ನಂತೆ ಜೂನ್ ಆರಂಭದಲ್ಲೇ ವ್ಯವಹಾರ ಮುಗಿಸಿದರು, ಚೌಕಾಸಿಗೆ ಹೋಗಲೇ ಇಲ್ಲ. ಬ್ರೆಂಟ್‌ಫರ್ಡ್‌ನ ಬ್ರಯಾನ್ ಎಂಬೂಮೊ ಅವರಿಗಾಗಿ ವಾರಗಟ್ಟಲೆ ಎಳೆದಾಡಿ, ಮೊದಲು ಹೇಳಿದ್ದಕ್ಕಿಂತ ಸಾಕಷ್ಟು ಹೆಚ್ಚಿಗೆ ತೆತ್ತರು. ಎರಡನೆಯದನ್ನು ಸೋಲು ಎಂದು ಕೆಲವರು ಬರೆದರು. ಆಟಗಾರ ಬೇರೆಲ್ಲಿಗೂ ಹೋಗಲಾರೆ ಎಂದು ಪಟ್ಟು ಹಿಡಿಯುವಂತೆ ಮೊದಲೇ ಒಪ್ಪಿಸಿಕೊಂಡು ಆ ಮೇಲೆ ಕ್ಲಬ್ಬಿನ ಜೊತೆ ಮಾತಿಗೆ ಕೂತದ್ದು, ಫ್ಯಾಬ್ರೆಗಾಸ್ ಬೆನ್ನು ಹತ್ತಿ ಹೋದ ಬೇಸಿಗೆಗಿಂತ ಭಿನ್ನವಾದ ಕ್ರಮ ಎಂದು ನನಗೆ ಕಾಣುತ್ತದೆ. ದರ ಹೆಚ್ಚಾಯಿತೇ ಇಲ್ಲವೇ ಎಂಬುದನ್ನು ಎಂಬೂಮೊ ಇನ್ನೂ ಎರಡು ಮೂರು ಋತು ಆಡಿದ ಮೇಲೆ ಹೇಳಬಹುದು.